ಒಂದೇ ಬಂದರು, ಮೂರು ನ್ಯಾಯ

ಗದರ್ ಚಳವಳಿಯ ಪಾಠ ಮಾಡುವಾಗಲೆಲ್ಲ ಕೋಮಗಾಟ ಮಾರು ಎಂಬ ಹಡಗಿನ ಪ್ರಸ್ತಾಪ ಬರುತ್ತದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ನಮ್ಮನ್ನು ಆಳುತ್ತಿದ್ದವರು ಬ್ರಿಟಿಷರು. ಕೆನಡಾ ಕೂಡ ಅವರ ಸಾಮ್ರಾಜ್ಯದಲ್ಲೇ ಇತ್ತು. ಮತ್ತೆ ನಮ್ಮವರನ್ನು ಇಳಿಯಲು ಏಕೆ ಬಿಡಲಿಲ್ಲ?" ಅಂದು ಗಂಟೆ ಹೊಡೆಯಿತು, ಉತ್ತರ ಅರ್ಧಕ್ಕೇ ನಿಂತಿತು. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಉತ್ತರವನ್ನು ಪೂರ್ತಿ ಮಾಡುತ್ತೇನೆ.

ಕೆನಡಾದ ಪಶ್ಚಿಮ ತುದಿಯಲ್ಲಿ ವ್ಯಾಂಕೂವರ್ ಬಂದರು ಇದೆ. ಏಷ್ಯಾದಿಂದ ಹೊರಟ ಹಡಗುಗಳು ಅಲ್ಲಿಗೆ ಬರುತ್ತಿದ್ದವು. ಮೊದಲು ದೊಡ್ಡ ಸಂಖ್ಯೆಯಲ್ಲಿ ಬಂದವರು ಚೀನೀಯರು. ಬೆಟ್ಟ ಕಡಿದು ಕೆನಡಾದ ಪೆಸಿಫಿಕ್ ರೈಲು ಹಾದಿ ಹಾಕಿದವರಲ್ಲಿ ಸಾವಿರಾರು ಚೀನೀ ಕೂಲಿಗಳಿದ್ದರು. ಆ ಹಾದಿ ಪೂರ್ಣಗೊಂಡ 1885ರಲ್ಲೇ ಸರ್ಕಾರ ಹೊಸದಾಗಿ ಬರುವ ಚೀನೀಯರ ಮೇಲೆ 50 ಡಾಲರ್ ತಲೆಗಂದಾಯ ಹೇರಿತು. 1903ರ ಕಾಯ್ದೆ ಅದನ್ನು 500 ಡಾಲರಿಗೆ ಏರಿಸಿತು. ಕೂಲಿಯವನೊಬ್ಬನ ಸುಮಾರು ಎರಡು ವರ್ಷದ ದುಡಿಮೆ ಅದು! ಚೀನಾದ ಅರಸೊತ್ತಿಗೆ ಆಗ ಯುದ್ಧಗಳಲ್ಲಿ ಸೋತು ಸೊರಗಿತ್ತು. 1909ರಲ್ಲಿ ಪೀಕಿಂಗಿನಲ್ಲಿ ಮಾತುಕತೆ ನಡೆದರೂ ಕಂದಾಯ ಇಳಿಯಲಿಲ್ಲ.

ಜಪಾನಿನ ಕಥೆ ಬೇರೆ. 1902ರಲ್ಲಿ ಬ್ರಿಟನ್ ಅದರೊಡನೆ ಮೈತ್ರಿ ಮಾಡಿಕೊಂಡಿತ್ತು. 1905ರಲ್ಲಿ ಜಪಾನ್ ರಷ್ಯಾವನ್ನೇ ಸೋಲಿಸಿತ್ತು. ಪರಸ್ಪರರ ಪ್ರಜೆಗಳಿಗೆ ಪ್ರವೇಶ ಹಾಗೂ ವಾಸದ ಸ್ವಾತಂತ್ರ್ಯ ಕೊಡುವ ಬ್ರಿಟನ್–ಜಪಾನ್ ವಾಣಿಜ್ಯ ಒಪ್ಪಂದವನ್ನು ಕೆನಡಾವೂ ಒಪ್ಪಿಕೊಂಡಿತ್ತು. ಆದ್ದರಿಂದ ಜಪಾನೀಯರ ಮೇಲೆ ಕಂದಾಯ ಹಾಕುವಂತಿರಲಿಲ್ಲ.

1907ರ ಸೆಪ್ಟೆಂಬರ್ 7ರಂದು ವ್ಯಾಂಕೂವರಿನಲ್ಲಿ ಏಷ್ಯನ್ನರ ವಿರುದ್ಧ ಮೆರವಣಿಗೆ ಹೊರಟಿತು. ಗುಂಪು ಚೀನೀಯರ ಕೇರಿಗೆ ನುಗ್ಗಿ ಅಂಗಡಿಗಳ ಗಾಜು ಒಡೆದು, ಜಪಾನೀಯರ ಬೀದಿಯತ್ತ ತಿರುಗಿತು. ಅಲ್ಲಿಯವರು ದೊಣ್ಣೆ, ಬಾಟಲಿ ಹಿಡಿದು ಎದುರಿಸಿದರು. ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಜಿ ಕಿಂಗ್ ಆಗ ಕಾರ್ಮಿಕ ಇಲಾಖೆಯ ಅಧಿಕಾರಿ. ನಷ್ಟದ ವಿಚಾರಣೆ ನಡೆಸಿ ಪರಿಹಾರ ಗೊತ್ತುಪಡಿಸಿದವರು ಅವರೇ.

ಅದೇ ವರ್ಷ ಕೆನಡಾದ ಮಂತ್ರಿ ರೊಡಾಲ್ಫ್ ಲೆಮ್ಯೂ ಟೋಕಿಯೋಗೆ ಹೋಗಿ ವಿದೇಶಾಂಗ ಮಂತ್ರಿ ಹಯಾಶಿ ತದಾಸು ಅವರೊಡನೆ ಮಾತುಕತೆಗೆ ಕುಳಿತರು. ವಲಸಿಗರ ಮಿತಿಯನ್ನು ಬಹಿರಂಗ ಒಪ್ಪಂದದಲ್ಲಿ ಬರೆಯಲು ಜಪಾನ್ ಸಿದ್ಧವಿರಲಿಲ್ಲ, ಅದು ದೇಶದ ಮಾನದ ಪ್ರಶ್ನೆಯಾಗಿತ್ತು. ಕೊನೆಗೆ ತನ್ನವರನ್ನು ತಾನೇ ತಡೆಯುವುದಾಗಿ ಅದು ಮಾತು ಕೊಟ್ಟಿತು. ಕೂಲಿ, ಮನೆಗೆಲಸದವರಿಗೆ ವರ್ಷಕ್ಕೆ ಸುಮಾರು 400 ಪಾಸ್‌ಪೋರ್ಟ್ ಎಂಬುದು ಗುಪ್ತ ಟಿಪ್ಪಣಿಯಲ್ಲಿ ಉಳಿಯಿತು. ಇದೇ 1908ರ 'ಸಜ್ಜನರ ಒಪ್ಪಂದ'. ಬಾಗಿಲು ಬಹುಪಾಲು ಮುಚ್ಚಿತು, ಆದರೆ ಜಪಾನಿನ ಮುಖಕ್ಕೆ ಬಡಿದಂತೆ ಮುಚ್ಚಲಿಲ್ಲ.

ಇನ್ನು ನಮ್ಮವರು. ಬ್ರಿಟಿಷ್ ಪ್ರಜೆಗಳೆಂದು ಕರೆದ ಮೇಲೆ ಬಹಿರಂಗವಾಗಿ 'ಭಾರತೀಯರಿಗೆ ಪ್ರವೇಶವಿಲ್ಲ' ಎಂದರೆ ಭಾರತದಲ್ಲಿ ಅಸಮಾಧಾನ ಹೆಚ್ಚೀತೆಂಬ ಭಯ ಲಂಡನ್ನಿಗಿತ್ತು. ಅದಕ್ಕೇ 1908ರಲ್ಲಿ ಕೆನಡಾ ಭಾರತದ ಹೆಸರೆತ್ತದೆ ಒಂದು ನಿಯಮ ಮಾಡಿತು: ವಲಸಿಗರು ಹುಟ್ಟಿದ ದೇಶದಿಂದ ಎಲ್ಲೂ ಹಡಗು ಬದಲಿಸದೆ ಒಂದೇ ಟಿಕೆಟಿನಲ್ಲಿ ನೇರವಾಗಿ ಬರಬೇಕು. ಭಾರತದಿಂದ ಅಂಥ ನೇರ ಪ್ರಯಾಣ ಸಿಗುವಂತಿರಲಿಲ್ಲ. ಜೊತೆಗೆ ಕೈಯಲ್ಲಿ 200 ಡಾಲರ್ ಇರಬೇಕೆಂಬ ಷರತ್ತು ಬೇರೆ. ನಮ್ಮ ಪರವಾಗಿ ಮೇಜಿನ ಎದುರು ಕೂರಲು ನಮ್ಮದೊಂದು ಸರ್ಕಾರವಿರಲಿಲ್ಲ. ಲಂಡನ್ನಿನಲ್ಲಿ ಮಾತಾಡಿದವರೂ ಬ್ರಿಟಿಷರು, ಅವರಿಗೆ ಉತ್ತರಿಸಿದವರೂ ಬ್ರಿಟಿಷರು.

ಈ ನಿಯಮವನ್ನು ಪರೀಕ್ಷಿಸಲೆಂದೇ ಗುರ್ದಿತ್ ಸಿಂಗ್ ಜಪಾನಿನ ಹಡಗಾದ ಕೋಮಗಾಟ ಮಾರುವನ್ನು ಬಾಡಿಗೆಗೆ ಪಡೆದರು. 1914ರ ಮೇ 23ರಂದು 376 ಪ್ರಯಾಣಿಕರೊಡನೆ ಅದು ವ್ಯಾಂಕೂವರ್ ಮುಟ್ಟಿತು. ಎರಡು ತಿಂಗಳು ದಡದೆದುರೇ ನಿಂತಿತು. ಅನ್ನನೀರಿಗೂ ತತ್ವಾರವಾಯಿತು. ಹಿಂದೆ ವಾಸವಿದ್ದ ಕೆಲವರ ಹೊರತು ಬಹುತೇಕ ಎಲ್ಲರನ್ನೂ, ಯುದ್ಧನೌಕೆಯ ಕಾವಲಿನಲ್ಲಿ, ಜುಲೈ 23ರಂದು ಹಿಂದಕ್ಕೆ ಕಳಿಸಿದರು. ಸೆಪ್ಟೆಂಬರ್ 29ರಂದು ಕಲ್ಕತ್ತಾ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು. ಸುಮಾರು 20 ಜನ ಸತ್ತರು.

ಮುಂದೆ 1923ರಲ್ಲಿ ಚೀನೀಯರಿಗೆ ಬಾಗಿಲು ಬಹುತೇಕ ಪೂರ್ತಿಯಾಗಿ ಮುಚ್ಚಿತು. ಅದೇ ಹೊತ್ತಿಗೆ ಜಪಾನೀಯರ ಮಿತಿ 150ಕ್ಕೆ ಇಳಿಯಿತು. 1951ರಲ್ಲಿ ಕೆನಡಾ ಸ್ವತಂತ್ರ ಭಾರತದೊಡನೆ ಒಪ್ಪಂದ ಮಾಡಿಕೊಂಡಿತು. ನಮಗೆ ಸಿಕ್ಕಿದ್ದೂ ವರ್ಷಕ್ಕೆ 150 ಸ್ಥಾನ. ಸಂಖ್ಯೆ ಚಿಕ್ಕದು. ಆದರೆ ಈ ಬಾರಿ ಸಹಿ ಹಾಕಿದ್ದು ನಮ್ಮದೇ ಸರ್ಕಾರ. ಹಡಗನ್ನು ಹಿಂದಿರುಗಿಸಿದ್ದಕ್ಕೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಹುಡುಗನ ಪ್ರಶ್ನೆಗೆ ಉತ್ತರ ಇದು: ಪ್ರಜೆ ಎಂಬ ಹೆಸರಿತ್ತು, ಆದರೆ ಆ ಹೆಸರಿನ ಹಿಂದೆ ನಿಲ್ಲುವ ಸರ್ಕಾರವಿರಲಿಲ್ಲ. ಮೂವರೂ ಬಂದದ್ದು ದುಡಿದು ತಿನ್ನಲು. ಯಾರನ್ನು ಎಷ್ಟು ಗೌರವದಿಂದ ತಡೆಯಬೇಕೆಂಬುದನ್ನು ಮಾತ್ರ ಅವರವರ ದೇಶದ ಬಲ ತೀರ್ಮಾನಿಸಿತು. ಇಂದು ನಮ್ಮ ಶಾಲೆಯಲ್ಲಿ ಕಲಿತವರು ವಿಮಾನ ಹತ್ತಿ ಹೊರನಾಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದೆ. ಆ 376 ಜನರ ಬಳಿ ಅದು ಇರಲಿಲ್ಲ. ಹಾಗೆಯೇ ನಮ್ಮೂರಿಗೆ ಕೂಲಿ ಅರಸಿ ಬಂದವರು ಶಾಲೆಯ ಗೇಟಿನಲ್ಲಿ ಮಗುವಿನ ಕೈ ಹಿಡಿದು ನಿಂತಾಗಲೂ ಆ ಹಡಗನ್ನು ನೆನೆಯೋಣ.