ಕೊನೆಯ ಗದ್ದೆಯ ನೀರು: ಗುಬ್ಬಿ, ಕುಣಿಗಲ್, ತುಮಕೂರು ಸೀಮೆಯ ಒಂದು ಇತಿಹಾಸ

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ತುರುವೇಕೆರೆಯ ಮೂಲಕ ಸಾಗಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯನ್ನು ಸೇರುತ್ತದೆ. ನದಿಯೆಂದು ಕರೆದರೂ ವರ್ಷದ ಬಹುಭಾಗ ಅದು ಮರಳಿನ ಹಾಸು. ಗುಬ್ಬಿಯೆಂದರೆ ವೀರಣ್ಣನವರ ನಾಟಕ ಕಂಪನಿಯನ್ನೂ ಕುಣಿಗಲ್ ಎಂದರೆ ಕುದುರೆ ಫಾರಂ ಹಾಗೂ ಕೆರೆಯ ಜನಪದ ಗೀತೆಯನ್ನೂ ನೆನೆಯುವ ಹೊರಗಿನವರಿಗೆ, ಈ ಸೀಮೆಯು ಶತಮಾನಗಳಿಂದ ಬಿಡಿಸಲು ಹೆಣಗುತ್ತಿರುವ ಲೆಕ್ಕವೊಂದು ಅಷ್ಟಾಗಿ ಪರಿಚಿತವಲ್ಲ. ಇರುವುದು ಅಲ್ಪ, ಬೇಕೆನ್ನುವವರು ಅನೇಕರು. ಹೀಗಿರುವಾಗ ಹಂಚುವವರು ಯಾರು, ಹಂಚಿಕೆಯ ಕೊನೆಯಲ್ಲಿ ನಿಂತವನ ಪಾಲೇನು ಎಂಬುದೇ ಆ ಲೆಕ್ಕ. ಹಿಂದುಳಿದ ದೇಶಗಳ ಆರ್ಥಿಕ ನೀತಿಯನ್ನು ಕುರಿತ ಗ್ರಂಥಗಳೆಲ್ಲ ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆಯೂ ಇದೇ ಆಗಿದೆ.

ಹಳೆಯ ಉತ್ತರವು ಕೆರೆಯ ರೂಪದಲ್ಲಿತ್ತು. ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿಯವರು 1866ರಲ್ಲಿ ಈ ನಾಡಿನ ಕೆರೆಗಳನ್ನು ಪರಿಶೀಲಿಸಿ, ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಜಾಣ್ಮೆಯ ಕೆಲಸವಾದೀತೆಂಬ ಅಭಿಪ್ರಾಯಕ್ಕೆ ಬಂದಿದ್ದರು. ಅಷ್ಟರಮಟ್ಟಿಗೆ ಒಂದರ ಕೋಡಿಯ ನೀರು ಮತ್ತೊಂದಕ್ಕೆ ಇಳಿಯುವಂತೆ ಕೆರೆಗಳ ಸರಪಳಿಯನ್ನು ಪೂರ್ವಿಕರು ಕಟ್ಟಿದ್ದರು. ಕೆರೆ ಕಟ್ಟಿಸಿದವನಿಗೆ, ಅದನ್ನು ಕಾಪಾಡುವವನಿಗೆ ಬಿಟ್ಟ ಭೂಮಿಯನ್ನು ಶಾಸನಗಳು ಕಟ್ಟುಗೊಡಗೆಯೆಂದು ಕರೆಯುತ್ತವೆ. ಬಸದಿಗಳಿಗೂ ದೇವಾಲಯಗಳಿಗೂ ದತ್ತಿ ಬಿಡುವಾಗ ಕೆರೆಯ ಕೆಳಗಿನ ಗದ್ದೆಯನ್ನು ಬಿಡುವುದು ಕನ್ನಡ ನಾಡಿನುದ್ದಕ್ಕೂ ಕಂಡುಬರುವ ಪದ್ಧತಿ. ಇದರ ಅರ್ಥವು ಕೇವಲ ಭಕ್ತಿಗೆ ಸೀಮಿತವಲ್ಲ. ಗದ್ದೆಯ ಫಲ ಉಣ್ಣುವ ಸಂಸ್ಥೆಗೆ ಏರಿಯ ಕ್ಷೇಮದಲ್ಲಿಯೂ ಆಸಕ್ತಿ ಇರಲೇಬೇಕಾಗುತ್ತಿತ್ತು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯನ್ನು ನೋಡುವವರು ಅದರ ಕಲ್ಲಿನ ಕೆಲಸವನ್ನು ಮೆಚ್ಚುತ್ತಾರೆ. ಅಂತಹ ಬಸದಿಗಳ ಪೂಜೆ, ಆಹಾರದಾನಗಳು ನಡೆದುಬಂದದ್ದು ತೂಬಿನಿಂದ ಹರಿದ ನೀರಿನ ಬಲದಿಂದ ಎಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ತೂಬನ್ನು ತೆರೆದು ಮುಚ್ಚುವ ಅಧಿಕಾರ ನೀರಗಂಟಿಯದಾಗಿತ್ತು. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರೆಂಬುದು ಅವನಿಗೆ ತಿಳಿದಿತ್ತು. ರೈತರು ತಾವಾಗಿಯೇ ಮಡೆ ತಿರುಗಿಸುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯ ಸಲ್ಲುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಹೊಗಳುವ ಬರಹಗಳು ಒಂದು ಮಾತನ್ನು ಬಿಟ್ಟುಬಿಡುತ್ತವೆ. ಹಳೆಯ ಮೈಸೂರಿನಲ್ಲಿ ನೀರಗಂಟಿಯು ಬಹುಮಟ್ಟಿಗೆ ದಲಿತನೇ ಆಗಿರುತ್ತಿದ್ದನು. ಊರಿನ ಗದ್ದೆಗಳಿಗೆಲ್ಲ ನೀರು ಹಾಯಿಸುವ ಆ ಕೈಗೆ ಊರ ಬಾವಿಯನ್ನು ಮುಟ್ಟುವ ಹಕ್ಕು ಇರಲಿಲ್ಲ. ಅಚ್ಚುಕಟ್ಟಿನಲ್ಲಿ ಸ್ವಂತದ ಗದ್ದೆಯಿದ್ದುದೂ ವಿರಳ. ಹಂಚಿಕೆಯಲ್ಲಿ ನ್ಯಾಯವಿತ್ತು ನಿಜ, ಆದರೆ ಆ ನ್ಯಾಯವು ಗದ್ದೆಯುಳ್ಳವರ ನಡುವಿನದು.

1876-78ರ ಧಾತು-ಈಶ್ವರ ಕ್ಷಾಮವು ಈ ಲೋಕದ ಬೆನ್ನು ಮುರಿಯಿತು. 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಅದೇ ವರ್ಷ ಒಡೆಯರ ವಂಶಕ್ಕೆ ರಾಜ್ಯವನ್ನು ಮರಳಿಸುವಾಗ ಬ್ರಿಟಿಷರು ಕ್ಷಾಮದ 80 ಲಕ್ಷ ರೂಪಾಯಿಗಳ ಸಾಲವನ್ನೂ ಜೊತೆಗೇ ಒಪ್ಪಿಸಿದರು. ಇಂದಿನ ಬಡ ರಾಷ್ಟ್ರಗಳು ಸಾಲದ ಹೊರೆ ಹೊತ್ತು ಅಭಿವೃದ್ಧಿಗೆ ತೊಡಗುವ ಕಥೆಯನ್ನು ಬಲ್ಲವರಿಗೆ ದಿವಾನ್ ರಂಗಾಚಾರ್ಲು ಅವರ ಸ್ಥಿತಿಯು ಹೊಸದಾಗಿ ಕಾಣಲಾರದು. ಅವರು ರೈಲಿನಲ್ಲಿ ನಂಬಿಕೆಯಿಟ್ಟರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. 1889ರ ವೇಳೆಗೆ ಗುಬ್ಬಿಯನ್ನು ದಾಟಿ ಹರಿಹರದವರೆಗೆ ಹಳಿ ಹಾಸಲಾಗಿತ್ತು. ಧಾನ್ಯ ಇಲ್ಲದ ಊರಿಗೆ ಧಾನ್ಯವನ್ನು ಸಾಗಿಸುವುದು ಅದರಿಂದ ಸಾಧ್ಯವಾಯಿತು. ಆದರೆ ಕೊಳ್ಳಲು ಕಾಸಿಲ್ಲದವನ ಮನೆಯ ಬಾಗಿಲಿಗೆ ರೈಲು ಹೋಗುವುದಿಲ್ಲ. ಕ್ಷಾಮಕ್ಕೆ ಅನ್ನದ ಅಭಾವಕ್ಕಿಂತ ಅನ್ನವನ್ನು ಪಡೆಯುವ ಶಕ್ತಿಯ ಅಭಾವವೇ ಕಾರಣವಾಗುತ್ತದೆಂದು ಅಮರ್ತ್ಯ ಸೇನ್ ಅವರು 1981ರಲ್ಲಿ ತಮ್ಮ ಗ್ರಂಥದಲ್ಲಿ ತೋರಿಸಿದ್ದನ್ನು ಇಲ್ಲಿ ನೆನೆಯಬಹುದು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶಿಂಷೆಗೆ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟೆಯಾಯಿತು. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ತಾನಾಗಿಯೇ ಹೊರಹರಿಯುವ ಅದರ ಸೈಫನ್ ವ್ಯವಸ್ಥೆಯು ಇಂದಿಗೂ ನೋಡುಗರಿಗೆ ಅಚ್ಚರಿ.

ಸ್ವಾತಂತ್ರ್ಯಾನಂತರದ ಎರಡು ಕಾಯಿದೆಗಳ ಪರಿಣಾಮವನ್ನು ಇತಿಹಾಸಕಾರರು ಇನ್ನಷ್ಟು ಗಮನಿಸಬೇಕಾಗಿದೆ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯಿದೆಯು ಬಸದಿ, ದೇವಾಲಯ, ಮಠಗಳ ಇನಾಂ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿತು. 1961ರ ಗ್ರಾಮಾಧಿಕಾರಿ ಹುದ್ದೆಗಳ ರದ್ದತಿ ಕಾಯಿದೆಯು ವಂಶಪಾರಂಪರ್ಯವಾದ ಗ್ರಾಮ ಸೇವೆಗಳನ್ನು ಕೊನೆಗೊಳಿಸಿತು. ಎರಡೂ ನ್ಯಾಯವಾದ ಕ್ರಮಗಳೇ. ಉಳುವವನಿಗೆ ಭೂಮಿ ದೊರೆಯಬೇಕಾಗಿತ್ತು. ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿ ತೊಲಗಬೇಕಾಗಿತ್ತು. ಆದರೆ ಭೂಮಿಯೊಂದಿಗೆ ಸಂಸ್ಥೆಗಳಿಗೆ ಕೆರೆಯ ಮೇಲಿದ್ದ ಕಾಳಜಿಯೂ ಹೋಯಿತು, ಹಳೆಯ ಚಾಕರಿಯೊಂದಿಗೆ ತೂಬಿನ ಬಳಿ ನಿಲ್ಲುವ ಮನುಷ್ಯನೂ ಮರೆಯಾದನು. ಅವುಗಳ ಸ್ಥಾನದಲ್ಲಿ ನಿಲ್ಲಬೇಕಾದ ಹೊಸ ಏರ್ಪಾಡನ್ನು ಯಾರೂ ಸಕಾಲದಲ್ಲಿ ರೂಪಿಸಲಿಲ್ಲ. ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು. ಅನುಕೂಲವಿದ್ದ ರೈತನು ಕೊಳವೆ ಬಾವಿಯನ್ನು ಕೊರೆಸಿ ತನ್ನ ನೀರನ್ನು ತಾನೇ ಕಂಡುಕೊಂಡನು. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ 2008ರಿಂದ ವಿದ್ಯುತ್ ಉಚಿತವಾಯಿತು. ಎಲ್ಲರದೂ ಆಗಿದ್ದ ನೀರು ಹೀಗೆ ಆಳಕ್ಕೆ ಕೊರೆಯಬಲ್ಲವನದಾಯಿತು. ಬಾವಿ ಬತ್ತಿದ ಬಡ ನೆರೆಯವನಿಗೆ ಉಚಿತ ವಿದ್ಯುತ್ತಿನಿಂದ ಏನೂ ದಕ್ಕಲಿಲ್ಲವೆಂಬುದು ಈ ನೀತಿಯ ಕಹಿ ಭಾಗ.

ತೆಂಗು, ಅಡಿಕೆಗಳ ಈ ನಾಡಿಗೆ ಹೇಮಾವತಿಯು ಹೊಸ ಆಸೆಯಾಗಿ ಬಂದಿತು. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯ ಸಂಗ್ರಹ ಸಾಮರ್ಥ್ಯವು ಸುಮಾರು 37 ಟಿ.ಎಂ.ಸಿ. ಅಡಿ. 1924ರ ಮೈಸೂರು-ಮದರಾಸು ಒಪ್ಪಂದದ ತೊಡಕಿನಿಂದಾಗಿ ಕೇಂದ್ರದ ಅನುಮೋದನೆ ದೊರೆಯದೆ, ರಾಜ್ಯವು ತನ್ನದೇ ಹಣದಿಂದ ಕೆಲಸ ನಡೆಸಬೇಕಾಯಿತು; ಕಾಲುವೆಗಳು ಕುಂಟುತ್ತ ಸಾಗಿದುದಕ್ಕೆ ಇದೂ ಕಾರಣ. ಬಾಗೂರು-ನವಿಲೆ ಸುರಂಗದ ಮೂಲಕ ನೀರು ತುಮಕೂರು ಜಿಲ್ಲೆಯನ್ನು ಸೇರಿದಾಗ ಅದು ಬಯಲುಸೀಮೆಯ ಪಾಲಿಗೆ ಹಬ್ಬವೇ ಆಗಿತ್ತು. ತುಮಕೂರು ನಗರವು ಬುಗುಡನಹಳ್ಳಿ ಕೆರೆಗೆ ಹರಿಸಿದ ಈ ನೀರನ್ನೇ ಕುಡಿಯುತ್ತದೆ. 1987ರ ರಾಷ್ಟ್ರೀಯ ಜಲನೀತಿಯು ಕುಡಿಯುವ ನೀರಿಗೆ ಮೊದಲ ಸ್ಥಾನವನ್ನೂ ನೀರಾವರಿಗೆ ಎರಡನೆಯ ಸ್ಥಾನವನ್ನೂ ಕೊಟ್ಟಿದ್ದು ಯುಕ್ತವೇ. ಆದರೆ ನಗರ ಬೆಳೆದಷ್ಟೂ ಮೊದಲ ಸ್ಥಾನದ ಪಾಲು ಹಿಗ್ಗುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಉದ್ಯೋಗ ಬೇಕೆನ್ನುವ ಊರು ಅವುಗಳನ್ನು ಬೇಡವೆನ್ನಲಾರದು.

ಕುಣಿಗಲ್ ಈ ಕಾಲುವೆಯ ಕೊನೆಯ ಭಾಗದಲ್ಲಿದೆ. ತನ್ನ ಪಾಲಿನ ನೀರು ದಾರಿಯಲ್ಲಿಯೇ ಕರಗಿಹೋಗುತ್ತದೆ ಎಂಬುದು ಅದರ ಬಹುಕಾಲದ ದೂರು. ಇದಕ್ಕೆ ಪರಿಹಾರವೆಂದು ಸರ್ಕಾರವು ಗುಬ್ಬಿ ತಾಲ್ಲೂಕಿನಲ್ಲಿಯೇ ಮುಖ್ಯ ನಾಲೆಯಿಂದ ನೀರನ್ನು ತೆಗೆದು, ಕೊಳವೆಯ ಮೂಲಕ ನೇರವಾಗಿ ಕುಣಿಗಲ್ಲಿಗೂ ಮುಂದೆ ಮಾಗಡಿಗೂ ಒಯ್ಯುವ ಸುಮಾರು 1000 ಕೋಟಿ ರೂಪಾಯಿಗಳ ಎಕ್ಸ್‌ಪ್ರೆಸ್ ಸಂಪರ್ಕ ಕಾಲುವೆಯನ್ನು ಕೈಗೆತ್ತಿಕೊಂಡಿತು. 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಭಾಗದ ರೈತರು ಇದನ್ನು ವಿರೋಧಿಸಿ ಬೀದಿಗಿಳಿದರು. ಮೊದಲೇ ಸಾಲದ ನೀರು ಮಧ್ಯದಲ್ಲಿಯೇ ಕೊಳವೆಗೆ ಸೇರಿದರೆ ತಮ್ಮ ತೋಟಗಳ ಗತಿಯೇನೆಂಬುದು ಅವರ ಅಳಲು. ತೆಂಗಿನ ತೋಟವು ರಾಗಿಯ ಹೊಲದಂತೆ ಒಂದು ವರ್ಷ ಬೀಳುಬಿಡಬಹುದಾದುದಲ್ಲ; ಒಣಗಿದ ಮರದ ಜೊತೆಗೆ ಒಂದು ತಲೆಮಾರಿನ ದುಡಿಮೆಯೂ ಹೋಗುತ್ತದೆ. ಇತ್ತ ಕುಣಿಗಲ್ಲಿನವನ ಹಕ್ಕೂ ಸುಳ್ಳಲ್ಲ. ಎರಡು ಸುಳ್ಳುಗಳ ನಡುವಣ ಜಗಳವಾಗಿದ್ದರೆ ನ್ಯಾಯಾಲಯವೋ ಪೊಲೀಸರೋ ಸಾಕಾಗುತ್ತಿದ್ದರು. ಎರಡು ನಿಜಗಳು ಎದುರುಬದುರಾಗಿ ನಿಂತಾಗ ಅವುಗಳಿಂದ ಫಲವಿಲ್ಲ.

ಇಂತಹ ಸ್ಥಿತಿಯಲ್ಲಿ ಬೇರೆ ನಾಡುಗಳವರು ಏನು ಮಾಡಿದರೆಂಬುದನ್ನು ನೋಡುವುದು ಉಪಯುಕ್ತ. ಶ್ರೀಲಂಕೆಯ ಹಳ್ಳಿಗಳಲ್ಲಿ ‘ಬೆತ್ಮ’ ಎಂಬ ಹಳೆಯ ಪದ್ಧತಿಯಿದೆ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಲ್ಲ ಗದ್ದೆಗಳಿಗೂ ನೀರು ಬಿಡದೆ, ತೂಬಿನ ಸಮೀಪದ ಭಾಗವನ್ನಷ್ಟೇ ಸಾಗುವಳಿ ಮಾಡುತ್ತಾರೆ. ಆ ಭಾಗವನ್ನು ಕೊನೆಯ ಗದ್ದೆಯವರನ್ನೂ ಸೇರಿಸಿಕೊಂಡು ಆ ಬೆಳೆಯ ಮಟ್ಟಿಗೆ ಹಂಚಿಕೊಳ್ಳುತ್ತಾರೆ. ತೂಬಿನ ಬಳಿಯ ಗದ್ದೆಯವನು ತನ್ನ ಸ್ವತ್ತಿನ ಮೇಲೆ ತಾನೇ ಮಿತಿಯನ್ನು ಹಾಕಿಕೊಳ್ಳುವ ಈ ಏರ್ಪಾಡು, ಪರಿಗ್ರಹ ಪರಿಮಾಣವನ್ನು ವ್ರತವೆಂದು ಬಲ್ಲ ಮನೆಗಳಿಗೆ ಬೇಗ ಅರ್ಥವಾದೀತು. ನೇಪಾಳದ ನೀರಾವರಿಯನ್ನು ಅಭ್ಯಸಿಸಿದ ಎಲಿನರ್ ಆಸ್ಟ್ರಂ ಅವರು, ರೈತರೇ ನಡೆಸುವ ಕಚ್ಚಾ ಕಾಲುವೆಗಳಲ್ಲಿ ಕೊನೆಯವರೆಗೆ ನೀರು ತಲುಪುವಷ್ಟು ಸರ್ಕಾರದ ಸಿಮೆಂಟು ಕಾಲುವೆಗಳಲ್ಲಿ ತಲುಪುವುದಿಲ್ಲವೆಂಬುದನ್ನು ಕಂಡುಕೊಂಡರು. ಸಿಮೆಂಟು ಬಂದಮೇಲೆ ಮೇಲಿನವನಿಗೆ ಕಾಲುವೆಯ ದುರಸ್ತಿಗಾಗಿ ಕೆಳಗಿನವನ ದುಡಿಮೆ ಬೇಡವಾಗುತ್ತದೆ. ಬೇಡವಾದವನ ಮಾತಿಗೆ ಬೆಲೆಯೂ ಇಲ್ಲವಾಗುತ್ತದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯು ಸಂದಿತು.

ಕರ್ನಾಟಕವೂ ಈ ದಿಕ್ಕಿನಲ್ಲಿ ಹೆಜ್ಜೆಯಿಡದೆ ಇಲ್ಲ. 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ದೊರೆಯಿತು. 2002ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಸಮುದಾಯದ ಮೂಲಕ ಕೆರೆಗಳನ್ನು ಪುನಶ್ಚೇತನಗೊಳಿಸುವ ಯೋಜನೆಯೂ ನಡೆಯಿತು. ಆದರೆ ಅಳತೆಯಿಲ್ಲದ ನೀರನ್ನು ಯಾವ ಸಂಘವೂ ಹಂಚಲಾರದು. ಗೊರೂರಿನಲ್ಲಿ ಬಿಟ್ಟ ನೀರೆಷ್ಟು, ಗುಬ್ಬಿಯ ವಿತರಣಾ ನಾಲೆಗಳಿಗೆ ಇಳಿದುದೆಷ್ಟು, ಕುಣಿಗಲ್ಲಿನ ಎಲ್ಲೆಯನ್ನು ದಾಟಿದುದೆಷ್ಟು ಎಂಬ ಲೆಕ್ಕವು ದಿನದಿನವೂ ಎರಡೂ ತಾಲ್ಲೂಕಿನ ಪಂಚಾಯಿತಿ ಕಟ್ಟೆಗಳ ಮೇಲೆ ಬರೆದು ನಿಲ್ಲಬೇಕು. ಕೊಳವೆಯಿದ್ದರೂ ಇಲ್ಲದಿದ್ದರೂ ಮೊದಲು ಆಗಬೇಕಾದ ಕೆಲಸವಿದು, ಮತ್ತು ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಕೊಳವೆಯು ಮಾಗಡಿಯನ್ನು ಮುಟ್ಟಿದ ದಿನ ಕುಣಿಗಲ್ ನಡುವಿನ ಊರಾಗುತ್ತದೆ. ಇಂದು ಗುಬ್ಬಿಯವರು ಹೇಳುತ್ತಿರುವ ಮಾತನ್ನು ಅಂದು ಕುಣಿಗಲ್ಲಿನವರು ಹೇಳಬೇಕಾಗಿ ಬರಬಹುದು.