ಮಂಜರಾಬಾದ್ ಘಟ್ಟದ ರಸ್ತೆ

ಮಂಜರಾಬಾದ್ ಘಟ್ಟದ ರಸ್ತೆ: ಹಾಸನದಿಂದ ಹೊರಟು, ಆಲೂರು ಸೀಮೆಯನ್ನು ಹಾದು, ಬಾಳ್ಳುಪೇಟೆ, ಸಕಲೇಶಪುರ, ಮಾರನಹಳ್ಳಿಗಳ ಮೂಲಕ ಸಹ್ಯಾದ್ರಿಯನ್ನಿಳಿದು, ಗುಂಡ್ಯ, ಉಪ್ಪಿನಂಗಡಿಗಳ ಮಾರ್ಗವಾಗಿ ಮಂಗಳೂರನ್ನು ಸೇರುವ ಹೆದ್ದಾರಿ. ಶಿರಾಡಿ ಘಾಟಿಯೆಂದು ಈಗ ಪ್ರಸಿದ್ಧವಾಗಿರುವ ಈ ದಾರಿ, ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಒಳಪಟ್ಟಿದ್ದ 1831–1881ರ ಅವಧಿಯಲ್ಲಿ ಬಂಡಿಯ ಮಾರ್ಗವಾಗಿ ರೂಪುಗೊಂಡಿತು.

ದಾರಿಯ ಮಹತ್ತ್ವವನ್ನು ಅದಕ್ಕೂ ಹಿಂದೆಯೇ ಅರಿತಿದ್ದ ಟಿಪ್ಪು ಸುಲ್ತಾನನು, ಕರಾವಳಿಗಿಳಿಯುವ ಕಣಿವೆಯ ಮೇಲೆ ಕಣ್ಣಿಡಲೆಂದು, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು 1792ರ ವೇಳೆಗೆ ಕಟ್ಟಿಸಿದ್ದನು. ಸಕಲೇಶಪುರದ ಸುತ್ತಲಿನ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು ಅಡಗಿಸಲು 1802ರಲ್ಲಿ ದಂಡೆತ್ತಿ ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯು ಇಲ್ಲಿಯ ಕಾಡುಗಳಲ್ಲಿ ದಾರಿ ಕಡಿಸಿದ್ದು ಸೈನ್ಯದ ಅನುಕೂಲಕ್ಕಾಗಿಯೇ ಹೊರತು ಪ್ರಜೆಗಳ ಸಂಚಾರಕ್ಕಾಗಿ ಅಲ್ಲ.

ಪ್ರಜೆಗಳ ಸಂಚಾರಕ್ಕೂ ವಾಣಿಜ್ಯಕ್ಕೂ ಒದಗುವ ರಸ್ತೆಗಳ ಕಾರ್ಯ ಬೆಳೆದುದು, 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ. ಆಗ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆಗಳು ನಿರ್ಮಾಣವಾದವು. 1856ರಲ್ಲಿ ಲೋಕೋಪಯೋಗಿ ಇಲಾಖೆಯೂ ಸ್ಥಾಪಿತವಾಯಿತು. ಈ ರಸ್ತೆಗಳ ಕೀರ್ತಿಯನ್ನು ಅಧಿಕಾರಿಗಳಿಗೆ ಸಲ್ಲಿಸುವುದು ವಾಡಿಕೆಯಾದರೂ, ಹಣವು ರೈತನು ತೆತ್ತ ಕಂದಾಯದಿಂದ ಬಂದುದೆಂಬುದನ್ನೂ, ಬಂಡೆಯನ್ನೊಡೆದು ತಿರುವುಗಳನ್ನು ಕಡಿದವರು ಹೆಸರಿಲ್ಲದ ಕೂಲಿಕಾರರೆಂಬುದನ್ನೂ ಚರಿತ್ರೆಯು ಮರೆಯಲಾಗದು. ಘಟ್ಟದ ಕೆಳಗಣ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ದಾರಿಯ ಎರಡು ಕೊನೆಗಳು ಎರಡು ಸರ್ಕಾರಗಳ ಅಧೀನದಲ್ಲಿದ್ದುವು.

ಬಂಡಿಯ ದಾರಿಯಾಗುವ ಮುನ್ನ ಕರಾವಳಿಯ ಉಪ್ಪು ಮೇಲಕ್ಕೂ ಮಲೆನಾಡಿನ ಅಕ್ಕಿ ಕೆಳಕ್ಕೂ ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. 1843ರಲ್ಲಿ ಗ್ರೀನ್ ಎಂಬ ಯೂರೋಪಿಯನ್ನನು ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಆರಂಭಿಸಿದನು. 1856ರಲ್ಲಿ ನೆಲಸಿದ ಕಾಫಿ ಬೆಳೆಗಾರ ರಾಬರ್ಟ್ ಎಲಿಯಟ್ಟನು ಇಲ್ಲಿಯ ಗೌಡ ಪಟೇಲರ ನಡೆನುಡಿಗಳನ್ನು ತನ್ನ ಗ್ರಂಥಗಳಲ್ಲಿ ಆದರದಿಂದ ವರ್ಣಿಸಿದನು. ತೋಟಗಳು ಹಬ್ಬಿದಂತೆ, ಒಣಗಿಸಿದ ಕಾಫಿಯು ಹದಗೊಳ್ಳಲು ಮಂಗಳೂರಿನ ಕಾರ್ಖಾನೆಗಳಿಗೆ ಇಳಿಯಿತು; ಮಂಗಳೂರು ಹೆಂಚು ಮೇಲಕ್ಕೇರಿ ಬಂದು ಮಲೆನಾಡಿನ ಹುಲ್ಲುಮಾಡುಗಳನ್ನು ಕ್ರಮೇಣ ಬದಲಿಸಿತು. ತೋಟಗಳಿಗೆ ಕೂಲಿಗಳನ್ನು ಒದಗಿಸುವ ಮೇಸ್ತ್ರಿಗಳಿಂದ ಮುಂಗಡ ಪಡೆದ ತುಳುನಾಡಿನ ಬಡಜನರು ಗಂಟುಮೂಟೆ, ಮಕ್ಕಳುಮರಿಗಳೊಡನೆ ಘಟ್ಟ ಹತ್ತಿ ಬಂದರು. ಅವರಲ್ಲಿ ಅನೇಕರನ್ನು ಮುಂಗಡದ ಸಾಲವೂ, ಮಲೆಯ ಚಳಿಜ್ವರವೂ ಒಟ್ಟಾಗಿ ಹಿಡಿದುವು. ಕಾಫಿಯ ಸಂಪತ್ತನ್ನು ಲೆಕ್ಕ ಹಾಕುವವರು ಈ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗವು ಪೂರ್ಣಗೊಂಡ ಮೇಲೂ ರಸ್ತೆಯ ದಟ್ಟಣೆ ಕುಗ್ಗಲಿಲ್ಲ. ರಾಷ್ಟ್ರೀಯ ಹೆದ್ದಾರಿ 48 ಎಂದಿದ್ದ ಇದು ಈಗ 75ನೆಯದು. ಮುಂಗಾರಿನ ಭಾರೀ ಮಳೆಗೆ ಸಕಲೇಶಪುರದಾಚೆಯ ಇಳಿಜಾರುಗಳಲ್ಲಿ ಗುಡ್ಡ ಜರಿಯುವುದುಂಟು. 2018ರ ಆಗಸ್ಟಿನಲ್ಲಿ ಹೀಗೆ ಜರಿದು ಸಂಚಾರವು ಕಡಿದುಹೋಗಿದ್ದಾಗ, ಮಂಗಳೂರು ಬಂದರಿನ ಸರಕು ಬೇರೆ ಘಾಟಿಗಳನ್ನು ಆಶ್ರಯಿಸಬೇಕಾಯಿತು.