ಲೆಕ್ಕಪತ್ರದ ಜೊತೆಗೊಂದು ಜಪಾನಿ ಭಾಷೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬಿ.ಕಾಂ., ಬಿಬಿಎ ಮುಗಿಸಿದವರಿಗೆ ಬಹುಕಾಲದಿಂದ ಇದ್ದದ್ದು ಮೂರೇ ದಾರಿ: ಮನೆಯ ತೋಟ, ಸೊಸೈಟಿಯೋ ಬ್ಯಾಂಕೋ ಕೊಡುವ ಕೆಲಸ, ಇಲ್ಲವೇ ಬೆಂಗಳೂರಿನ ರಾತ್ರಿ ಬಸ್ಸು. ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ದಶಕಗಳಿಂದ ತಿನ್ನುತ್ತಾ ಬಂತು. ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡು ಮೊದಲ ದಾರಿ ಇನ್ನಷ್ಟು ಕಿರಿದಾಯಿತು. ಬಸ್ಸು ಹತ್ತುವವರ ಕಿವಿಗೆ ಈಗ ಬೀಳುವ ಸಲಹೆಗಳಲ್ಲಿ ಜಪಾನಿ ಕಲಿಯಿರಿ ಎಂಬುದೂ ಒಂದು. ಸಲಹೆಗಾರರಲ್ಲಿ ತರಬೇತಿ ಕೇಂದ್ರದವರೂ ಏಜೆಂಟರೂ ಇರುವುದರಿಂದ ಇದರ ಹಿಂದುಮುಂದು ನೋಡುವುದು ಒಳ್ಳೆಯದು.

ಕರ್ನಾಟಕಕ್ಕೂ ಜಪಾನಿಗೂ ನಂಟು ಹಳೆಯದು. 1890ರ ದಶಕದಲ್ಲಿ ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರ ಮಾಡಿಸಿದಾಗ ಕೆಲಸ ಕಲಿಸಲು ಕರೆಸಿದ್ದು ಜಪಾನಿ ಪರಿಣತರನ್ನು. ವಿಶ್ವೇಶ್ವರಯ್ಯನವರು 1898ರಲ್ಲಿ ಮೊದಲ ಸಲ ಆ ದೇಶ ಕಂಡು ಬಂದರು. 1961ರಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಶುರುವಾದದ್ದು ಸಿಟಿಜನ್ ಕಂಪನಿಯ ಸಹಯೋಗದಲ್ಲಿ. 1990ರ ದಶಕದಲ್ಲಿ ಜಪಾನಿನ ಸಹಕಾರ ಸಂಸ್ಥೆ ಜೈಕಾದ ನೆರವಿನಿಂದ ಮೈಸೂರಿನಲ್ಲಿ ದ್ವಿತಳಿ ರೇಷ್ಮೆಯ ಕೆಲಸ ನಡೆಯಿತು. ಇಷ್ಟರಲ್ಲೆಲ್ಲ ನಮಗೆ ಬೇಕಿದ್ದದ್ದು ಅವರ ತಂತ್ರಜ್ಞಾನ, ಅವರ ಮಾತಲ್ಲ.

1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಬಿಡದಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ಕಾರಿನ ಹಿಂದೆಯೇ ಬಿಡಿಭಾಗದ ಕಂಪನಿಗಳು ಬಂದವು. 2013ರಲ್ಲಿ ಹೋಂಡಾ ನರಸಾಪುರದಲ್ಲಿ (ಕೋಲಾರದ್ದು) ಸ್ಕೂಟರ್ ತಯಾರಿಸತೊಡಗಿತು. ತುಮಕೂರಿನ ವಸಂತನರಸಾಪುರದಲ್ಲಿ ಜಪಾನಿ ಕೈಗಾರಿಕೆಗಳಿಗೆಂದೇ ಜಾಗ ಮೀಸಲಾಯಿತು. ಈ ಕಾರ್ಖಾನೆಗಳಲ್ಲಿ ಯಂತ್ರದಷ್ಟೇ ಕಾಗದವೂ ಓಡುತ್ತದೆ: ಖರೀದಿ ಆದೇಶ, ಇನ್‌ವಾಯ್ಸ್, ಗುಣಮಟ್ಟದ ದೂರು, ತಿಂಗಳ ವರದಿ. 2011ರ ಆಗಸ್ಟ್‌ನಲ್ಲಿ ಜಾರಿಯಾದ ಭಾರತ–ಜಪಾನ್ ಆರ್ಥಿಕ ಒಪ್ಪಂದದಡಿ ಆಮದು ಸುಂಕದ ರಿಯಾಯಿತಿ ಬೇಕಾದರೆ ಸರಕು ಎಲ್ಲಿಯದು ಎಂಬ ಮೂಲ ಪ್ರಮಾಣಪತ್ರ ಸರಿಯಿರಬೇಕು. ಅದರಲ್ಲೊಂದು ತಪ್ಪಿದ್ದರೆ ಒಸಾಕಾದವರಿಗೆ ವಿವರಿಸಿ ಸರಿಪಡಿಸಿಕೊಳ್ಳಲು ಸುಂಕವೂ ಗೊತ್ತಿರುವ, ಮಾತೂ ಗೊತ್ತಿರುವ ಒಬ್ಬರು ಬೇಕು. ವಾಣಿಜ್ಯ ಓದಿದವರಿಗೆ ಎಡೆ ಸಿಗುವುದು ಇಲ್ಲಿ. ಬರೀ ದುಭಾಷಿಯಾಗಿ ಹೊರಟವರು ಸಾಹಿತ್ಯ ಓದಿದವರೊಡನೆ ಪೈಪೋಟಿ ಮಾಡಬೇಕು; ಜಿಎಸ್‌ಟಿ ಬಲ್ಲ ದುಭಾಷಿಗೆ ಪೈಪೋಟಿ ಕಡಿಮೆ.

ಎಲ್ಲ ಜಪಾನಿ ಕಂಪನಿಗೂ ಜಪಾನಿ ಬೇಕು ಎನ್ನುವುದು ಮಾತ್ರ ಭ್ರಮೆ. ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಹೊಂದಿರುವ ರಾಕುಟೆನ್ 2012ರಿಂದಲೇ ಇಂಗ್ಲಿಷನ್ನು ತನ್ನ ಆಡಳಿತ ಭಾಷೆ ಮಾಡಿಕೊಂಡಿದೆ.

ಪರೀಕ್ಷೆಗಳ ಕತೆಯೂ ಹೀಗೆಯೇ. 1984ರಲ್ಲಿ ಆರಂಭವಾದ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಜೆಎಲ್‌ಪಿಟಿಗೆ 2010ರಿಂದ ಐದು ಹಂತ. ಎನ್5 ಮೊದಲ ಮೆಟ್ಟಿಲು, ಎನ್1 ಕೊನೆಯದು. ಜಾಹೀರಾತುಗಳಲ್ಲಿ ಮಿಂಚುವ ಎನ್5 ಪ್ರಮಾಣಪತ್ರ ಆಸಕ್ತಿಗೆ ಸಾಕ್ಷಿ, ಕೆಲಸಕ್ಕಲ್ಲ. ಎನ್3 ದಾಟಿದ ಮೇಲೆಯೇ ಕಚೇರಿಯವರು ತಲೆ ಎತ್ತಿ ನೋಡುವುದು. ಜೆಎಲ್‌ಪಿಟಿಯಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ ಎಂಬುದೂ ನೆನಪಿರಲಿ. ವ್ಯವಹಾರದ ಜಪಾನಿಗೆಂದೇ 1996ರಿಂದ ಬಿಜೆಟಿ ಎಂಬ ಬೇರೆ ಪರೀಕ್ಷೆಯಿದೆ. ಬಿಬಿಎ ಓದುವವರು ಅದರ ಹೆಸರನ್ನಾದರೂ ತಿಳಿದಿರಬೇಕು.

ಕಲಿಕೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ ಎನ್ನುವುದು ನನ್ನ ತಕರಾರು. ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯಂಥವು ನಾಮಪದದ ಬೆನ್ನಿಗೆ ಅಂಟುತ್ತವೆ, ಹಿರಿಯರೊಡನೆ ಆಡುವ ಮಾತಿನ ರೂಪವೇ ಬೇರೆ. ಅಜ್ಜಯ್ಯನಿಗೆ ‘ಕೂತ್ಕೊಳ್ಳಿ’, ತಮ್ಮನಿಗೆ ‘ಕೂತ್ಕೊ’ ಎಂದು ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಆದರೆ ‘ಮಿನ್ನಾ ನೊ ನಿಹೊಂಗೊ’ದಂಥ ಪಠ್ಯವನ್ನು ನಮ್ಮ ತರಗತಿಗಳು ಇಂಗ್ಲಿಷ್ ವಿವರಣೆಯ ಮೂಲಕ ಕಲಿಸುತ್ತವೆ. ಕನ್ನಡ ಮಾಧ್ಯಮದ ಹುಡುಗಿ ವಾಕ್ಯವನ್ನು ತಲೆಕೆಳಗು ಮಾಡಿ ಮತ್ತೆ ನೇರ ಮಾಡಬೇಕು. ನಿಜವಾದ ಏರು ಕಾಂಜಿ ಲಿಪಿಯದು. ನಿತ್ಯಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಅಕ್ಷರಗಳಿವೆ, ಅದಕ್ಕೆ ಅಡ್ಡದಾರಿಯಿಲ್ಲ.

ಈಚಿನ ಗದ್ದಲ ಬೇರೆಯದು, ವೀಸಾದ್ದು. 2019ರಲ್ಲಿ ಜಪಾನ್ ‘ನಿರ್ದಿಷ್ಟ ಕೌಶಲ’ ವೀಸಾ ತಂದಿತು, 2021ರಲ್ಲಿ ಭಾರತದೊಡನೆ ಆ ಬಗ್ಗೆ ಒಪ್ಪಂದವಾಯಿತು. 2025ರ ಆಗಸ್ಟ್‌ನಲ್ಲಿ ಐದು ವರ್ಷಗಳಲ್ಲಿ 5 ಲಕ್ಷ ಜನರ ವಿನಿಮಯದ ಗುರಿಯನ್ನು ಎರಡೂ ದೇಶ ಘೋಷಿಸಿದವು, ಭಾರತದಿಂದ ಹೋಗುವ 50,000 ಕುಶಲರೂ ಅದರಲ್ಲಿ ಸೇರಿ. ಆ ವೀಸಾ ಇರುವುದು ವೃದ್ಧರ ಆರೈಕೆ, ಕೃಷಿ, ಕಟ್ಟಡದಂಥ ಕೆಲಸಗಳಿಗೆ. ಪದವೀಧರರು ಕಚೇರಿ ಕೆಲಸಕ್ಕೆ ಹೋಗುವ ವೀಸಾ ಬೇರೆ, ಅದಕ್ಕೆ ಡಿಗ್ರಿಯೇ ಆಧಾರ. ಏಜೆಂಟರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾವುದು ಎಂದು ಬರವಣಿಗೆಯಲ್ಲೇ ಕೇಳಬೇಕು.

ಕೋವಿಡ್ ನಂತರ ಆನ್‌ಲೈನ್ ತರಗತಿಗಳು ಬಂದು, ನೆಟ್‌ವರ್ಕ್ ಸಿಗುವ ಮನೆಗಳಿಗೆ ಪಾಠ ತಲುಪುತ್ತಿದೆ. ಎನ್3ಕ್ಕೆ ಎರಡು-ಮೂರು ವರ್ಷ ಬೇಕೆನ್ನುವುದಾದರೆ ಡಿಗ್ರಿಯ ಮೊದಲ ವರ್ಷವೇ ಹಿಡಿಯಬೇಕು. ಪರೀಕ್ಷೆಗೆ ಮಾತ್ರ ಬೆಂಗಳೂರಿಗೇ ಹೋಗಬೇಕು: ಜುಲೈನದು ಮಳೆಗಾಲದ ನಡುವೆ, ಡಿಸೆಂಬರಿನದು ಅಡಿಕೆ ಕೊಯ್ಲಿನ ನಡುವೆ.